ಗ್ಯಾರೇಜಿಗಿಳಿದ ಟರ್ಬೊ ಮತ್ತು ಕಾರ್ಬನ್ ಫೈಬರ್

ಹಳೆಯ ಕಾರೊಂದನ್ನು ಕೊಂಡು, ಅದರ ಎಂಜಿನ್ನಿಗೆ ಟರ್ಬೊಚಾರ್ಜರ್ ಕೂರಿಸಿ, ಬಾನೆಟ್ಟು, ಬಂಪರು, ಡಿಕ್ಕಿಯ ಮುಚ್ಚಳಗಳನ್ನು ಕಾರ್ಬನ್ ಫೈಬರಿನಲ್ಲಿ ಸ್ವತಃ ತಯಾರಿಸಿಕೊಳ್ಳುವ ಹವ್ಯಾಸ ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ವರ್ಷಗಟ್ಟಲೆ ಕೆಲಸ ನಡೆಯುತ್ತಲೇ ಇರುವ ಇಂಥ ವಾಹನಕ್ಕೆ ಪ್ರಾಜೆಕ್ಟ್ ಕಾರ್ ಎಂದು ಹೆಸರು. ಅದರಲ್ಲಿ ಬೆರೆಯುವ ಎರಡು ವಿದ್ಯೆಗಳಿಗೂ ಮೂಲದಲ್ಲಿ ಕಾರಿನ ನಂಟಿರಲಿಲ್ಲ. ಟರ್ಬೊ ಬೆಳೆದದ್ದು ಹಡಗು, ವಿಮಾನಗಳ ಎಂಜಿನ್ನಿನಲ್ಲಿ. ಕಾರ್ಬನ್ ಫೈಬರ್ ಬೆಳೆದದ್ದು ವಿಮಾನ ಸಂಶೋಧನೆಯ ಪ್ರಯೋಗಾಲಯಗಳಲ್ಲಿ. ಅವು ಮನೆಯ ಗ್ಯಾರೇಜಿಗೆ ಬರಲು ದಶಕಗಳೇ ಹಿಡಿದವು. ಗುಜರಿಯಲ್ಲಿ ಟರ್ಬೊ ಸಿಗತೊಡಗಿದ ಮೇಲೂ, ದೋಣಿ ಸಾಮಾನಿನ ಅಂಗಡಿಯಲ್ಲಿ ನಾರಿನ ಬಟ್ಟೆ ಸಿಗತೊಡಗಿದ ಮೇಲೂ ಹವ್ಯಾಸಿಯ ಕೈ ಕಟ್ಟಿಹಾಕಿದ್ದು ಒಂದೇ ಕೊರತೆ: ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲನ್ನು, ನಾರುಗಳನ್ನು ಬೆಸೆದು ಹಿಡಿಯಲು ಬೇಕಾದಷ್ಟೇ ರಾಳವನ್ನು ಅಳೆದು ಕೊಡುವ ಹತೋಟಿ ಅವನಲ್ಲಿರಲಿಲ್ಲ. ಆ ಹತೋಟಿ ಸಾಮಾನ್ಯರ ಕೈಗೆ ಬಂದ ಬಗೆಯೇ ಈ ಹವ್ಯಾಸದ ಚರಿತ್ರೆ.

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ಟರ್ಬೈನ್ ಎಂಬ ಒಂದು ಚಕ್ರವಿಟ್ಟು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಿದರೆ ಅದೇ ಗಾತ್ರದ ಎಂಜಿನ್ನು ಹೆಚ್ಚು ಇಂಧನ ಉರಿಸಬಲ್ಲದು, ಹೆಚ್ಚು ಶಕ್ತಿ ಕೊಡಬಲ್ಲದು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಶಿ ಈ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಕೋರಿದ. ಅಂದಿನ ಲೋಹಗಳು ಆ ಶಾಖವನ್ನೂ ಆ ವೇಗವನ್ನೂ ತಾಳುವಂತಿರಲಿಲ್ಲ. ಅವನ ವಿದ್ಯೆ ನೀರಿಗಿಳಿದದ್ದು 1920ರ ದಶಕದಲ್ಲಿ. ಜರ್ಮನಿಯ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನು ಟರ್ಬೊ ಸೇರಿದೊಡನೆ 1,750ರಿಂದ 2,500 ಅಶ್ವಶಕ್ತಿಗೆ ಏರಿತು.

ಆ ವೇಳೆಗೆ ವಿಮಾನದವರು ಬೇರೆಯೇ ಕಾರಣಕ್ಕೆ ಟರ್ಬೊವನ್ನು ಹಿಡಿದಿದ್ದರು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನು ಬಳಲುತ್ತದೆ. ಫ್ರಾನ್ಸಿನಲ್ಲಿ ಆಗಸ್ಟ್ ರಾಟೊ ಮೊದಲ ಮಹಾಯುದ್ಧದ ಕಾಲದಲ್ಲೇ ವಿಮಾನದ ಎಂಜಿನ್ನುಗಳಿಗೆ ಟರ್ಬೊ ಜೋಡಿಸಿ ನೋಡಿದ. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಜಿನ್ನೊಂದನ್ನು ಲಾರಿಯ ಮೇಲೆ ಹೇರಿಕೊಂಡು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ, 14,109 ಅಡಿ ಎತ್ತರಕ್ಕೆ, ಒಯ್ದ. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಅಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಎರಡನೆಯ ಮಹಾಯುದ್ಧದಲ್ಲಿ ಬಿ-17 ಬಾಂಬರ್, ಪಿ-38, ಪಿ-47 ಫೈಟರ್‌ಗಳು ಎತ್ತರದಲ್ಲಿ ಹಾರಿದ್ದು ಇದೇ ಪರಂಪರೆಯ ಟರ್ಬೊಗಳ ಬಲದಿಂದ. ಯುದ್ಧಕ್ಕಾಗಿ ಕಂಡುಕೊಂಡ ಶಾಖ ತಾಳುವ ಮಿಶ್ರಲೋಹಗಳು ಆಮೇಲೆ ಲಾರಿ, ಟ್ರ್ಯಾಕ್ಟರುಗಳಿಗೂ ದೊರೆತವು. 1950ರ ದಶಕದ ನಡುವೆ ಕ್ಯಾಟರ್‌ಪಿಲ್ಲರ್ ಕಂಪನಿ ತನ್ನ ದೈತ್ಯ ಡಿ9 ಟ್ರ್ಯಾಕ್ಟರಿಗೆ ಗ್ಯಾರೆಟ್ ಕಂಪನಿಯಿಂದ ಟರ್ಬೊ ಮಾಡಿಸಿಕೊಂಡಿತು. ಅಲ್ಲಿಂದ ಟರ್ಬೊ ಸಾವಿರಗಟ್ಟಲೆ ತಯಾರಾಗುವ ಸಾಮಾನಾಯಿತು.

ರೇಸಿನ ಕಣದಲ್ಲಿ ಅದರ ಮೊದಲ ದೊಡ್ಡ ಸದ್ದು 1952ರ ಇಂಡಿಯಾನಾಪೊಲಿಸ್ 500 ಸ್ಪರ್ಧೆಯದು. ಕಮ್ಮಿನ್ಸ್ ಕಂಪನಿಯ ಟರ್ಬೊ ಡೀಸೆಲ್ ಕಾರನ್ನು ಫ್ರೆಡ್ ಅಗಬಾಷಿಯನ್ ಎಲ್ಲರಿಗಿಂತ ವೇಗವಾಗಿ ಓಡಿಸಿ ಮುಂದಿನ ಸಾಲಿನ ಮೊದಲ ಜಾಗ ಗಿಟ್ಟಿಸಿದ. ಸ್ಪರ್ಧೆಯ 71ನೆಯ ಸುತ್ತಿನಲ್ಲಿ ಟ್ರ್ಯಾಕಿನ ಮೇಲಿನ ಟೈರಿನ ಪುಡಿ ಟರ್ಬೊದ ಗಾಳಿಬಾಯಿಗೆ ಕಟ್ಟಿಕೊಂಡು ಕಾರು ನಿಂತಿತು. ಗಾಳಿಬಾಯಿ ನೆಲಕ್ಕೆ ತೀರಾ ಹತ್ತಿರವಿತ್ತು. ಟರ್ಬೊದ ಗಾಳಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಇಂದಿಗೂ ಪ್ರಾಜೆಕ್ಟ್ ಕಾರು ಕಟ್ಟುವವರನ್ನು ಕಾಡುತ್ತದೆ.

ರಸ್ತೆಯ ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಜನರಲ್ ಮೋಟರ್ಸ್ ಬಳಗದ ಎರಡು ಕಾರುಗಳ ಮೂಲಕ. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ 215 ಘನ ಇಂಚಿನ ಅಲ್ಯೂಮಿನಿಯಂ ಎಂಜಿನ್ನಿನಿಂದ 215 ಅಶ್ವಶಕ್ತಿ ತೆಗೆಯುತ್ತಿತ್ತು. ಶೆವ್ರೊಲೆ ಕಾರ್ವೆರ್ ಸ್ಪೈಡರ್ 150. ಒತ್ತಿ ತುಂಬಿದ ಗಾಳಿ ಬಿಸಿಯಾಗಿರುತ್ತದೆ. ಬಿಸಿ ಮಿಶ್ರಣ ಕಿಡಿ ಹೊತ್ತಿಕೊಂಡ ಮೇಲೆ ಕ್ರಮವಾಗಿ ಉರಿಯುವ ಬದಲು ಮೂಲೆಯಲ್ಲಿ ಒಮ್ಮೆಲೇ ಸಿಡಿಯಬಹುದು. ಮೆಕ್ಯಾನಿಕ್ಕುಗಳ ಬಾಯಲ್ಲಿ ಇದು ನಾಕಿಂಗ್. ಪಿಸ್ಟನ್ನನ್ನು ಒಡೆಯುವುದೂ ಕರಗಿಸುವುದೂ ಇದೇ. ಜೆಟ್‌ಫೈರ್‌ನ ತಯಾರಕರು ಇದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಎಂಜಿನ್ನಿಗೆ ಸಿಂಪಡಿಸುವ ಏರ್ಪಾಡು ಮಾಡಿದ್ದರು. ಮಾಲೀಕರು ಆ ದ್ರವದ ತೊಟ್ಟಿ ತುಂಬಿಸಲು ಮರೆಯುತ್ತಿದ್ದರು. ದೂರುಗಳು ಹೆಚ್ಚಿ ಅನೇಕ ಕಾರುಗಳಿಂದ ಟರ್ಬೊವನ್ನೇ ಕಳಚಿ ಕಾರ್ಬುರೇಟರ್ ಹಾಕಿಕೊಡಬೇಕಾಯಿತು. ಜೆಟ್‌ಫೈರ್ ಎರಡೇ ವರ್ಷ ಬಾಳಿತು. ಆದರೆ ಅದರ ಎಂಜಿನಿಯರುಗಳು ಸರಿಯಾದ ಶತ್ರುವನ್ನೇ ಗುರುತಿಸಿದ್ದರು. ನೀರು-ಮೆಥನಾಲ್ ಸಿಂಪಡಣೆ ನಾಲ್ಕು ದಶಕಗಳ ನಂತರ ಹವ್ಯಾಸಿಗಳ ಕಾರುಗಳಲ್ಲಿ ಮತ್ತೆ ತಲೆಯೆತ್ತಿತು.

ಯುರೋಪಿನಲ್ಲಿ ಬಿಎಂಡಬ್ಲ್ಯು 2002 ಟರ್ಬೊ 1973ರಲ್ಲಿ ಹೊರಬಂದು ತೈಲ ಬಿಕ್ಕಟ್ಟಿಗೆ ಸಿಕ್ಕಿ ಸುಮಾರು 1,670 ಕಾರುಗಳಿಗೇ ನಿಂತುಹೋಯಿತು. ಪೋರ್ಶೆ 911 ಟರ್ಬೊ ಉಳಿದು ಹೆಸರು ಮಾಡಿತು. ದಿನಬಳಕೆಗೆ ಒಗ್ಗುವಂತೆ ಟರ್ಬೊವನ್ನು ಪಳಗಿಸಿದ ಶ್ರೇಯಸ್ಸು ಸ್ವೀಡನ್ನಿನ ಸಾಬ್ ಕಂಪನಿಗೆ ಸಲ್ಲಬೇಕು. 1970ರ ದಶಕದ ಕೊನೆಗೆ ಬಂದ ಸಾಬ್ 99 ಟರ್ಬೊದಲ್ಲಿ ಚಿಕ್ಕ ಟರ್ಬೊ ಬಳಸಿ, ಒತ್ತಡ ಮಿತಿ ಮೀರಿದೊಡನೆ ಹೊಗೆಯನ್ನು ಪಕ್ಕದ ದಾರಿಗೆ ಬಿಡುವ ವೇಸ್ಟ್‌ಗೇಟ್ ಇಟ್ಟಿದ್ದರು. ಹೀಗಾಗಿ ಕಡಿಮೆ ವೇಗದಲ್ಲೇ ಎಳೆತ ಸಿಗುತ್ತಿತ್ತು. ಮುಂದೆ ಪೆರ್ ಯಿಲ್‌ಬ್ರಾಂಡ್ ತಂಡ ನಾಕಿಂಗ್ ಸದ್ದನ್ನು ಸೆನ್ಸರಿನಿಂದ ಆಲಿಸಿ ಒತ್ತಡವನ್ನು ತಾನಾಗಿ ಇಳಿಸುವ ವ್ಯವಸ್ಥೆಯನ್ನು ರೂಪಿಸಿತು. ಅದೇ ಕಾಲಕ್ಕೆ ಫಾರ್ಮುಲಾ ಒನ್‌ನಲ್ಲಿ ರೆನೊ ತಂಡ 1977ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ 1.5 ಲೀಟರ್ ಟರ್ಬೊ ಕಾರನ್ನು ಇಳಿಸಿತು. ಹೊಗೆ ಕಾರುತ್ತಾ ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತಿದ್ದ ಆ ಹಳದಿ ಕಾರಿಗೆ ಎದುರಾಳಿಗಳು ಚಹಾ ಕೆಟಲ್ ಎಂದು ಅಡ್ಡಹೆಸರಿಟ್ಟರು. 1979ರಲ್ಲಿ ಡೀಜೋನ್‌ನಲ್ಲಿ ಝಾನ್-ಪಿಯೆರ್ ಝಬೂಯಿ ಅದೇ ತಂಡಕ್ಕೆ ಗೆಲುವು ತಂದಾಗ ನಗೆ ನಿಂತಿತು. 1980ರ ದಶಕದ ನಡುಭಾಗದಲ್ಲಿ ಅರ್ಹತಾ ಸುತ್ತಿಗೆಂದೇ ಹದಮಾಡಿದ ಟರ್ಬೊ ಎಂಜಿನ್ನುಗಳು 1,000 ಅಶ್ವಶಕ್ತಿ ದಾಟಿದವು.

ಹವ್ಯಾಸಿಗಳು ಕಾರ್ಖಾನೆಗಳಿಗಾಗಿ ಕಾದು ಕೂತಿರಲಿಲ್ಲ. ಹಳೆಯ ಕಾರುಗಳನ್ನು ವೇಗಕ್ಕಾಗಿ ಮಾರ್ಪಡಿಸುವ ಅಮೆರಿಕದ ಹಾಟ್ ರಾಡ್ ಶೆಡ್ಡುಗಳಲ್ಲಿ 1960ರ ದಶಕದಿಂದಲೇ ಲಾರಿಯ ಟರ್ಬೊಗಳನ್ನು ಕಾರಿಗೆ ಜೋಡಿಸುವ ಪ್ರಯೋಗಗಳು ನಡೆದಿದ್ದವು. 1970ರ ದಶಕದಲ್ಲಿ ಹ್ಯೂ ಮ್ಯಾಕಿನೆಸ್ ಬರೆದ ‘ಟರ್ಬೊಚಾರ್ಜರ್ಸ್’ ಎಂಬ ಪುಸ್ತಕ ಕಂಪ್ರೆಸರಿನ ನಕಾಶೆಯನ್ನು ಓದುವುದು, ಎಂಜಿನ್ನಿನ ಗಾತ್ರಕ್ಕೆ ತಕ್ಕ ಟರ್ಬೊ ಆರಿಸುವುದು ಹೇಗೆಂದು ಸಾಮಾನ್ಯ ಮೆಕ್ಯಾನಿಕ್ಕಿಗೆ ತಿಳಿಯುವಂತೆ ವಿವರಿಸಿತು. ಜಪಾನಿನಲ್ಲಿ ಯಮಾಹಾದ ಮಾಜಿ ಎಂಜಿನಿಯರ್ ಹಿರೊಯುಕಿ ಹಸೆಗವಾ 1973ರಲ್ಲಿ ಫ್ಯೂಜಿ ಪರ್ವತದ ತಪ್ಪಲಲ್ಲಿ ಎಚ್‌ಕೆಎಸ್ ಕಂಪನಿ ಕಟ್ಟಿ, ಮರುವರ್ಷವೇ ಸಾಮಾನ್ಯ ಕಾರಿಗೆ ಜೋಡಿಸಬಹುದಾದ ಟರ್ಬೊ ಕಿಟ್ಟನ್ನು ಹೊರತಂದ. ಜಪಾನಿನ ಕಾರು ಕಂಪನಿಗಳು ಟರ್ಬೊ ಕಾರು ಮಾರತೊಡಗಿದ್ದು ಆ ದಶಕದ ಅಂತ್ಯಕ್ಕೆ.

ಆದರೂ ಆ ಕಾಲದ ಮನೆಗೆಲಸದ ಟರ್ಬೊ ಕಾರುಗಳು ಬೇಗ ಕೆಡುತ್ತಿದ್ದವು. ಕಾರಣ ಕಾರ್ಬುರೇಟರ್. ಅದು ತನ್ನ ಮೂಲಕ ಹಾಯುವ ಗಾಳಿಯ ಸೆಳೆತಕ್ಕೆ ತಕ್ಕಂತೆ ಪೆಟ್ರೋಲು ಬಿಡುವ ಸಾಧನ. ಟರ್ಬೊಗಿಂತ ಮುಂಚೆ ಇಟ್ಟರೆ ಪೆಟ್ರೋಲಿನ ಆವಿ ಉದ್ದನೆಯ ಕೊಳವೆಯ ಗೋಡೆಗೆ ಅಂಟಿ ತೊಟ್ಟಿಕ್ಕುತ್ತಿತ್ತು. ನಂತರ ಇಟ್ಟರೆ ಒತ್ತಡದ ಗಾಳಿ ಅದರ ಫ್ಲೋಟ್ ಬಟ್ಟಲನ್ನೇ ತಬ್ಬಿಬ್ಬು ಮಾಡುತ್ತಿತ್ತು. ಪೆಟ್ರೋಲ್ ಎಂಜಿನ್ನಿನ ಸಮತೋಲದ ಪ್ರಮಾಣ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲು. ಟರ್ಬೊ ಒತ್ತುತ್ತಿರುವಾಗ ಸುರಕ್ಷಿತವಾಗಿರಬೇಕಾದರೆ ಅದು 11.5ರಿಂದ 12ರ ಆಸುಪಾಸಿಗೆ ಇಳಿಯಬೇಕು, ಕಿಡಿಯೂ ತುಸು ತಡವಾಗಬೇಕು. ಆ ಪ್ರಮಾಣ ಒಂದೆರಡು ಕ್ಷಣ ತಪ್ಪಿದರೂ ಪಿಸ್ಟನ್ನಿನ ರಿಂಗಿನ ಕಟ್ಟೆ ಮುರಿದುಹೋಗಬಹುದು. ಕಾರ್ಖಾನೆಯ ಎಲೆಕ್ಟ್ರಾನಿಕ್ ಇಂಜೆಕ್ಷನ್ 1980ರ ದಶಕದಲ್ಲಿ ಎಲ್ಲೆಡೆ ಹಬ್ಬಿದಾಗ ಇದಕ್ಕೆ ಪರಿಹಾರ ಕಂಡಂತಾಯಿತು, ಆದರೆ ಅದರ ಕಂಪ್ಯೂಟರು ಬೀಗ ಹಾಕಿದ ಡಬ್ಬಿಯಾಗಿತ್ತು. ಅದರ ಲೆಕ್ಕ ಬದಲಿಸಲು ಬೇಕಾದ ಸಲಕರಣೆ ಮುಖ್ಯವಾಗಿ ರೇಸ್ ತಂಡಗಳಿಗೆ, ವೃತ್ತಿಪರರಿಗೆ ಎಟುಕುತ್ತಿತ್ತು.

ಬೀಗ ತೆರೆದದ್ದು 2001ರ ಹೊತ್ತಿಗೆ. ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ಮೆಗಾಸ್ಕ್ವರ್ಟ್ ಎಂಬ ಇಂಜೆಕ್ಷನ್ ಕಂಪ್ಯೂಟರನ್ನು ಬಿಡಿಭಾಗಗಳ ಕಿಟ್ಟಿನ ರೂಪದಲ್ಲಿ ಹೊರತಂದರು. ಕೊಂಡವರು ತಾವೇ ಸೋಲ್ಡರಿಂಗ್ ಮಾಡಿ ಜೋಡಿಸಿ, ಲ್ಯಾಪ್‌ಟಾಪ್ ಸಿಕ್ಕಿಸಿ, ಎಷ್ಟು ವೇಗಕ್ಕೆ ಎಷ್ಟು ಒತ್ತಡದಲ್ಲಿ ಎಷ್ಟು ಪೆಟ್ರೋಲು ಎಂಬ ಕೋಷ್ಟಕವನ್ನು ಒಂದೊಂದೇ ಚೌಕವಾಗಿ ತುಂಬಬಹುದಿತ್ತು. ಇದರ ಜೊತೆಗೇ ಬಾಷ್ ಕಂಪನಿಯ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರು ಅಗ್ಗದ ಬೆಲೆಯ ಮೀಟರುಗಳಲ್ಲಿ ಸಿಗತೊಡಗಿ, ಮಿಶ್ರಣದ ನಿಜವಾದ ಪ್ರಮಾಣ ಡ್ಯಾಶ್‌ಬೋರ್ಡಿನ ಮೇಲೆ ಅಂಕಿಯಾಗಿ ಕಾಣುವಂತಾಯಿತು. ಮನೆಯಲ್ಲಿ ಕಟ್ಟಿದ ಟರ್ಬೊ ಕಾರು ಬಾಳಿಕೆ ಬರುವಂತೆ ಮಾಡಿದ್ದರಲ್ಲಿ ಈ ಎರಡು ಪುಟ್ಟ ಉಪಕರಣಗಳ ಪಾಲು ಯಾವ ಟರ್ಬೊ ತಯಾರಕರ ಪಾಲಿಗಿಂತಲೂ ದೊಡ್ಡದು. 1997ರಲ್ಲಿ ಬಂದಿದ್ದ ಕಾರ್ಕಿ ಬೆಲ್‌ನ ‘ಮ್ಯಾಕ್ಸಿಮಮ್ ಬೂಸ್ಟ್’ ಪುಸ್ತಕ ಲೆಕ್ಕಾಚಾರ ಕಲಿಸಿತ್ತು. ಆ ಲೆಕ್ಕ ತಾಳೆಯಾಗುತ್ತಿದೆಯೇ ಎಂದು ನೋಡಲು ಈಗ ಕಣ್ಣು ಸಿಕ್ಕಿತು.

ಟರ್ಬೊ ಜೋಡಣೆಯ ಉಳಿದ ಕೆಲಸವೆಲ್ಲ ಕೊಳಾಯಿಗಾರಿಕೆ ಮತ್ತು ವೆಲ್ಡಿಂಗ್. ಹವ್ಯಾಸಿಗಳು ಅಚ್ಚುಮೆಚ್ಚಾಗಿ ಹುಡುಕುವ ಟರ್ಬೊಗಳಲ್ಲಿ ಒಂದು, ಕಮ್ಮಿನ್ಸ್ ಡೀಸೆಲ್ ಎಂಜಿನ್ನಿನ ಡಾಜ್ ಪಿಕಪ್‌ಗಳಿಂದ ಬಿಚ್ಚಿದ ಹೋಲ್ಸೆಟ್ ಎಚ್‌ಎಕ್ಸ್35. ಸಾಬ್, ವೋಲ್ವೊ, ಸುಬಾರು ಕಾರುಗಳ ಹಳೆಯ ಟರ್ಬೊಗಳಿಗೂ ಬೇಡಿಕೆಯುಂಟು. ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದರಿಂದ ಅದರ ಬೇರಿಂಗಿಗೆ ಎಂಜಿನ್ನಿನ ಆಯಿಲ್ ನಿರಂತರವಾಗಿ ಹರಿಯಬೇಕು. ಹೋದ ಆಯಿಲ್ ತನ್ನ ಭಾರದಿಂದಲೇ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿದು ಬರಬೇಕಾದ್ದರಿಂದ ಆ ತೊಟ್ಟಿಗೆ ತೂತು ಕೊರೆದು ಅಗಲವಾದ ಕೊಳವೆ ಬೆಸೆಯುತ್ತಾರೆ. ಈ ಕೊಳವೆ ಕಿರಿದಾದರೆ ಅಥವಾ ಎಲ್ಲಾದರೂ ಮೇಲಕ್ಕೆ ಬಾಗಿದರೆ ಆಯಿಲ್ ಸೀಲು ದಾಟಿ ಹೊಗೆಯ ಕಡೆ ಸೋರಿ ಕಾರಿನ ಹಿಂದೆ ನೀಲಿ ಮೋಡ ಏಳುತ್ತದೆ. ಇನ್ನು ಗಾಳಿ. 25 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 0.7 ಬಾರ್ ಹೆಚ್ಚುವರಿ ಒತ್ತಡಕ್ಕೆ ಏರಿಸಿದರೆ ಅದರ ಬಿಸಿ 90 ಡಿಗ್ರಿ ದಾಟುತ್ತದೆ. ಅದನ್ನು ತಣಿಸಲು ಬಂಪರಿನ ಹಿಂದೆ ಇಂಟರ್‌ಕೂಲರ್ ಬೇಕು. ಇಂಟರ್‌ಕೂಲರಿಗೆ ಗಾಳಿ ಬಡಿಯಬೇಕಾದರೆ ಬಂಪರನ್ನು ಕತ್ತರಿಸಬೇಕು, ಎಂಜಿನ್ ಕೋಣೆಯ ಶಾಖ ಹೊರಹೋಗಲು ಬಾನೆಟ್ಟಿನಲ್ಲಿ ಕಿಂಡಿ ಬೇಕು. ಬೇಕಾದ ಆಕಾರದ ಬಂಪರು, ಬಾನೆಟ್ಟು ಅಂಗಡಿಯಲ್ಲಿ ಸಿಗದಿದ್ದಾಗ ಹವ್ಯಾಸಿ ಅಚ್ಚು ಮಾಡಲು ಕೂರುತ್ತಾನೆ. ಟರ್ಬೊ ಕಟ್ಟುವವರು ಕಾರ್ಬನ್ ಫೈಬರಿನ ಕಡೆ ತಿರುಗಲು ಅಂದದಷ್ಟೇ ಈ ಅಗತ್ಯವೂ ಕಾರಣ.

ಕಾರ್ಬನ್ ಎಳೆಯನ್ನು ಜನ ಮೊದಲು ಕಂಡದ್ದು ವಿದ್ಯುತ್ ದೀಪದೊಳಗೆ: ಎಡಿಸನ್ನನ ಬಲ್ಬಿನ ತಂತು ಸುಟ್ಟು ಇಂಗಾಲವಾಗಿಸಿದ ಹತ್ತಿ, ಬಿದಿರುಗಳದ್ದು. ಅದು ಬೆಳಗುತ್ತಿತ್ತು, ಭಾರ ಹೊರುವಂತಿರಲಿಲ್ಲ. 1958ರಲ್ಲಿ ಒಹಾಯೊ ರಾಜ್ಯದ ಪಾರ್ಮಾದಲ್ಲಿದ್ದ ಯೂನಿಯನ್ ಕಾರ್ಬೈಡ್ ಪ್ರಯೋಗಾಲಯದಲ್ಲಿ ರೋಜರ್ ಬೇಕನ್ ಅಪಾರ ಬಲದ ಗ್ರಾಫೈಟ್ ಎಳೆಗಳನ್ನು ಕಂಡ. ಸ್ವಲ್ಪದರಲ್ಲೇ ಒಸಾಕಾದ ಸರ್ಕಾರಿ ಸಂಶೋಧನಾಲಯದ ಅಕಿಯೊ ಶಿಂಡೊ, ಸ್ವೆಟರಿನ ಅಕ್ರಿಲಿಕ್ ನೂಲಿಗೆ ಮೂಲವಾದ ಪಾಲಿಅಕ್ರಿಲೊನೈಟ್ರೈಲ್ ಎಳೆಯಿಂದ ಕಾರ್ಬನ್ ಎಳೆ ತೆಗೆಯುವ ದಾರಿ ತೋರಿದ. ಎಳೆಯನ್ನು ಮೊದಲು 200ರಿಂದ 300 ಡಿಗ್ರಿಯಲ್ಲಿ ಗಾಳಿಯೊಳಗೆ ಬೇಯಿಸಿ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1,000 ಡಿಗ್ರಿ ಮೀರಿ ಕಾಯಿಸಿದರೆ ಬೇರೆ ಧಾತುಗಳು ಹಾರಿಹೋಗಿ ಇಂಗಾಲ ಉಳಿಯುತ್ತದೆ. ಬ್ರಿಟನ್ನಿನ ಫಾರ್ನ್‌ಬರೊ ವಿಮಾನ ಸಂಶೋಧನಾ ಕೇಂದ್ರದಲ್ಲಿ ವಿಲಿಯಂ ವಾಟ್, ಲೆಸ್ಲಿ ಫಿಲಿಪ್ಸ್ ಮತ್ತು ಅವರ ಸಂಗಡಿಗರು 1960ರ ದಶಕದ ಮೊದಲರ್ಧದಲ್ಲಿ, ಬೇಯುವಾಗ ಎಳೆ ಕುಗ್ಗದಂತೆ ಬಿಗಿಹಿಡಿದರೆ ಬಲ ಹಲವು ಪಟ್ಟು ಹೆಚ್ಚುತ್ತದೆಂದು ತೋರಿಸಿಕೊಟ್ಟರು. ಹೀಗೆ ಹುಟ್ಟಿದ ಎಳೆಯ ಅಡ್ಡಳತೆ ಮೀಟರಿನ ಹತ್ತು ಲಕ್ಷದ ಏಳು ಭಾಗದಷ್ಟು. ಉಕ್ಕಿನ ಕಾಲುಭಾಗಕ್ಕಿಂತಲೂ ಕಡಿಮೆ ತೂಕ, ಎಳೆತಕ್ಕೆ ಉಕ್ಕನ್ನು ಮೀರಿಸುವ ಬಲ.

ಆರಂಭದ ವರ್ಷಗಳು ಸುಗಮವಾಗಿರಲಿಲ್ಲ. ರೋಲ್ಸ್-ರಾಯ್ಸ್ ತನ್ನ ಆರ್‌ಬಿ211 ಜೆಟ್ ಎಂಜಿನ್ನಿನ ಮುಂದಿನ ಫ್ಯಾನಿಗೆ ಕಾರ್ಬನ್ ಫೈಬರಿನ ಅಲಗುಗಳನ್ನು ನೆಚ್ಚಿಕೊಂಡಿತ್ತು. ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಅವು ಚೂರಾದವು. ಆ ಎಂಜಿನ್ನಿನ ಖರ್ಚಿನ ಭಾರಕ್ಕೆ ಕಂಪನಿ 1971ರ ಫೆಬ್ರುವರಿಯಲ್ಲಿ ದಿವಾಳಿಯಾಗಿ ಸರ್ಕಾರದ ಕೈಸೇರಿತು. 1975ರಲ್ಲಿ ಬಾರ್ಸಿಲೋನಾದ ಮಾಂಟ್‌ವಿಕ್ ಪಾರ್ಕಿನಲ್ಲಿ ನಡೆದ ಸ್ಪ್ಯಾನಿಷ್ ಗ್ರಾಂಪ್ರಿಯಲ್ಲಿ ರೋಲ್ಫ್ ಸ್ಟೊಮೆಲೆನ್‌ನ ಕಾರಿನ ಹಿಂದಿನ ರೆಕ್ಕೆಯನ್ನು ಹಿಡಿದಿದ್ದ ಕಾರ್ಬನ್ ಫೈಬರ್ ಕಂಬ ಮುರಿದು ಕಾರು ಪ್ರೇಕ್ಷಕರತ್ತ ಹಾರಿತು, ಜೀವಗಳು ಹೋದವು. ಹೊಸ ವಸ್ತುವನ್ನು ಲೋಹದಂತೆಯೇ ಬಳಸಿದರೆ ಆಗುವ ಅನಾಹುತಕ್ಕೆ ಇವೆರಡೂ ಸಾಕ್ಷಿ. ಲೋಹ ಮುರಿಯುವ ಮೊದಲು ಬಾಗಿ ಎಚ್ಚರಿಸುತ್ತದೆ. ಕಾರ್ಬನ್ ಫೈಬರ್ ಕೊನೆಯವರೆಗೂ ಗಟ್ಟಿಯಾಗಿದ್ದು ಒಮ್ಮೆಲೇ ಸೀಳುತ್ತದೆ. ಎಳೆಗಳು ಯಾವ ದಿಕ್ಕಿಗೆ ಮಲಗಿವೆಯೋ ಆ ದಿಕ್ಕಿಗೆ ಮಾತ್ರ ಅದರ ಬಲ.

ಈ ಗುಣವನ್ನು ಅರಿತು ವಿನ್ಯಾಸ ಮಾಡಿದವರು ಗೆದ್ದರು. ಜಾನ್ ಬರ್ನಾರ್ಡ್ 1981ರ ಮೆಕ್ಲಾರೆನ್ ಎಂಪಿ4/1 ಫಾರ್ಮುಲಾ ಒನ್ ಕಾರಿನ ಒಡಲನ್ನೇ ಕಾರ್ಬನ್ ಫೈಬರಿನಲ್ಲಿ ರೂಪಿಸಿದ. ಅದನ್ನು ತಯಾರಿಸಿಕೊಟ್ಟದ್ದು ರಾಕೆಟ್ ಸಾಮಗ್ರಿಯ ಅನುಭವವಿದ್ದ ಅಮೆರಿಕದ ಹರ್ಕ್ಯುಲಿಸ್ ಕಂಪನಿ. ಆ ವರ್ಷ ಜಾನ್ ವಾಟ್ಸನ್ ಆ ಕಾರಿನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಗೆದ್ದ. ಮೊಂಝಾದಲ್ಲಿ ಅವನ ಅದೇ ಮಾದರಿಯ ಕಾರು ತಡೆಗೋಡೆಗೆ ಅಪ್ಪಳಿಸಿ ಎಂಜಿನ್ನು ಕಿತ್ತು ಬೇರೆಯಾದರೂ ಅವನು ಎದ್ದು ನಡೆದು ಬಂದ. ಕಾರ್ಬನ್ ಒಡಲು ಪುಡಿಯಾಗುತ್ತದೆಂಬ ಹೆದರಿಕೆ ಅಂದಿಗೆ ಅಳಿಯಿತು. 1987ರಲ್ಲಿ ಬಂದ ಫೆರಾರಿ ಎಫ್40ರಲ್ಲಿ ಎರಡು ಟರ್ಬೊಗಳ 2.9 ಲೀಟರ್ ಎಂಜಿನ್ನೂ ಕೆವ್ಲಾರ್, ಕಾರ್ಬನ್ ಫೈಬರುಗಳ ಹೊರಮೈಯೂ ಒಂದಾದವು. ತೂಕ ಉಳಿಸಲು ಬಣ್ಣವನ್ನು ಎಷ್ಟು ತೆಳ್ಳಗೆ ಬಳಿದಿದ್ದರೆಂದರೆ ಕೆಂಪಿನ ಅಡಿಯಲ್ಲಿ ನೇಯ್ಗೆ ಕಾಣುತ್ತಿತ್ತು. ಪ್ರಾಜೆಕ್ಟ್ ಕಾರು ಕಟ್ಟುವ ಒಂದು ತಲೆಮಾರಿನ ಕನಸಿಗೆ ಆ ಕಾರೇ ಮಾದರಿಯಾಯಿತು.

ಕಾರ್ಖಾನೆಯ ವಿಧಾನ ಮಾತ್ರ ಮನೆಗೆ ಎಟುಕದ್ದು. ರಾಳವನ್ನು ಮೊದಲೇ ಅಳೆದು ಸವರಿದ ಪ್ರಿಪ್ರೆಗ್ ಬಟ್ಟೆಯನ್ನು ಮೈನಸ್ 18 ಡಿಗ್ರಿಯಲ್ಲಿ ಕಾಪಿಟ್ಟು, ಅಚ್ಚಿನ ಮೇಲೆ ಹೊದಿಸಿ, ಆಟೊಕ್ಲೇವ್ ಎಂಬ ಬೃಹತ್ ಒತ್ತಡದ ಪಾತ್ರೆಯೊಳಗೆ 120ರಿಂದ 180 ಡಿಗ್ರಿಯಲ್ಲಿ, ಹಲವು ಬಾರ್ ಒತ್ತಡದಲ್ಲಿ ಬೇಯಿಸುತ್ತಾರೆ. ಲ್ಯಾಂಬೊರ್ಗಿನಿಯಲ್ಲಿದ್ದ ಹೊರಾಶಿಯೊ ಪಗಾನಿ ಆಟೊಕ್ಲೇವ್ ಕೊಳ್ಳಲು ಕಂಪನಿ ಒಪ್ಪದಾಗ ಸಾಲ ಮಾಡಿ ತಾನೇ ಕೊಂಡದ್ದು ಪ್ರಸಿದ್ಧ ಸಂಗತಿ. ಮನೆಯ ಕಾರ್ಬನ್ ಕೆಲಸ ಬೇರೊಂದು ಕವಲಿನಿಂದ ಬಂತು; ಅದು ಗಾಜಿನ ನಾರಿನದು. ಕ್ಯಾಲಿಫೋರ್ನಿಯಾದ ದೋಣಿ ಕಟ್ಟುವವರೂ ಅಲೆಗಳ ಮೇಲೆ ಜಾರುವ ಹಲಗೆ ಮಾಡುವವರೂ ಫೈಬರ್‌ಗ್ಲಾಸನ್ನು ಬ್ರಷ್ಷಿನಲ್ಲಿ ಬಳಿದು ಪಳಗಿದ್ದರು. ಅವರಲ್ಲೊಬ್ಬನಾದ ಬ್ರೂಸ್ ಮೇಯರ್ಸ್ 1964ರಲ್ಲಿ ಫೋಕ್ಸ್‌ವಾಗನ್ ಬೀಟಲ್‌ನ ಎಂಜಿನ್ನಿಗೆ ಫೈಬರ್‌ಗ್ಲಾಸ್ ಒಡಲು ಹಾಕಿ ಮೇಯರ್ಸ್ ಮ್ಯಾಂಕ್ಸ್ ಎಂಬ ಮರಳುಗಾಡಿಯನ್ನು ಕಟ್ಟಿದ. ಮಿಷಿಗನ್ನಿನ ಬೇ ಸಿಟಿಯಲ್ಲಿ ಗೂಜಿಯನ್ ಸಹೋದರರು 1970ರ ದಶಕದಲ್ಲಿ, ಎಪಾಕ್ಸಿ ರಾಳ ಮತ್ತು ಗಟ್ಟಿಕಾರಕಗಳನ್ನು ಸರಿಯಾದ ಪ್ರಮಾಣದಲ್ಲಿ ಬರುವಂತೆ ಕೈಪಂಪುಗಳೊಡನೆ ಮಾರಿ, ಅಳತೆ ತಪ್ಪುವ ಕಾಟವನ್ನು ತಗ್ಗಿಸಿದರು.

ಇವರೆಲ್ಲರಿಗಿಂತ ಹೆಚ್ಚು ಜನರಿಗೆ ಈ ವಿದ್ಯೆ ಕಲಿಸಿದವನು ವಿಮಾನ ವಿನ್ಯಾಸಕ ಬರ್ಟ್ ರುಟಾನ್. 1975ರಲ್ಲಿ ಹಾರಿದ ಅವನ ವೆರಿಈಝಿ, ಆಮೇಲಿನ ಲಾಂಗ್-ಈಝಿ ವಿಮಾನಗಳಿಗೆ ಅಚ್ಚೇ ಬೇಡ. ಫೋಮಿನ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು ಅದರ ಮೇಲೆ ಗಾಜಿನ ಬಟ್ಟೆ, ಎಪಾಕ್ಸಿ ಹಾಸಿದರೆ ಮುಗಿಯಿತು. ಅವನು ಮಾರಿದ ನಕ್ಷೆಗಳನ್ನು ಹಿಡಿದು ಶಿಕ್ಷಕರು, ದಂತವೈದ್ಯರು, ಗುಮಾಸ್ತರು ಕಾರು ನಿಲ್ಲಿಸುವ ಜಾಗದಲ್ಲೇ ನೂರಾರು ವಿಮಾನ ಕಟ್ಟಿ ಹಾರಿಸಿದರು. 1986ರ ಡಿಸೆಂಬರಿನಲ್ಲಿ ಅವನದೇ ವಿನ್ಯಾಸದ, ಕಾರ್ಬನ್ ಫೈಬರ್ ಮೈಯ ವಾಯೇಜರ್ ಎಲ್ಲೂ ಇಳಿಯದೆ, ಇಂಧನ ತುಂಬಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂತು. ಸಣ್ಣ ಕಾರ್ಯಾಗಾರದಲ್ಲಿ ಕಾರ್ಬನ್ ಕೆಲಸ ಸಾಧ್ಯ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಅಷ್ಟರಲ್ಲಿ ಬಟ್ಟೆಯೂ ಸುಲಭವಾಗಿ ದೊರೆಯತೊಡಗಿತ್ತು. 1971ರಲ್ಲಿ ತಯಾರಿಕೆ ಆರಂಭಿಸಿದ ಜಪಾನಿನ ಟೊರೆ ಮೊದಲಾದ ಕಂಪನಿಗಳ ಉತ್ಪಾದನೆಯನ್ನು ಎಳವೆಯಲ್ಲಿ ಪೋಷಿಸಿದವು ಮೀನಿನ ಗಾಳದ ಕೋಲು, ಗಾಲ್ಫ್ ದಾಂಡು, ಟೆನ್ನಿಸ್ ರಾಕೆಟ್ಟುಗಳು.

ಕೈಯಿಂದ ರಾಳ ಬಳಿದ ಬಟ್ಟೆಯಲ್ಲಿ ರಾಳವೇ ಹೆಚ್ಚು, ನಾರು ಕಡಿಮೆ. ತೂಕ ಏರುತ್ತದೆ, ಗುಳ್ಳೆಗಳು ಉಳಿಯುತ್ತವೆ. ಹವ್ಯಾಸಿಗಳ ಮೊದಲ ಪರಿಹಾರ ಪ್ಲಾಸ್ಟಿಕ್ ಚೀಲ. ಹಾಸಿದ ಬಟ್ಟೆಯ ಮೇಲೆ ಚೀಲ ಹೊದಿಸಿ, ಅಂಚಿಗೆ ಅಂಟುಪಟ್ಟಿ ಬಿಗಿದು, ಒಳಗಿನ ಗಾಳಿಯನ್ನು ಹೀರಿ ತೆಗೆದರೆ ವಾತಾವರಣದ ಒತ್ತಡವೇ ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ನಿನ ಭಾರದಿಂದ ಒತ್ತುತ್ತದೆ. ಹೀರಲು ಹಳೆಯ ಫ್ರಿಜ್ಜಿನ ಕಂಪ್ರೆಸರ್ ಸಾಕಾಗುತ್ತಿತ್ತು. ಎರಡನೆಯ ಹೆಜ್ಜೆ ಇನ್ಫ್ಯೂಷನ್. ದೋಣಿ ಉದ್ಯಮಕ್ಕೆಂದು ವಿಲಿಯಂ ಸೀಮನ್ 1990ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಬಟ್ಟೆಯನ್ನು ಒಣದಾಗಿಯೇ ಹಾಸಿ, ಚೀಲದೊಳಗೆ ನಿರ್ವಾತ ಮಾಡಿ, ಜಾಲರಿಯ ಮೂಲಕ ರಾಳವನ್ನು ಒಳಗೆ ಸೆಳೆಸಲಾಗುತ್ತದೆ. ಬಟ್ಟೆಗೆ ಬೇಕಾದಷ್ಟೇ ರಾಳ ಕುಡಿಸಿ ನಿಲ್ಲಿಸಬಹುದು. ಟರ್ಬೊ ಕಡೆಯವರಿಗೆ ಮೆಗಾಸ್ಕ್ವರ್ಟ್ ಮಾಡಿದ ಉಪಕಾರವನ್ನು ಕಾರ್ಬನ್ ಕಡೆಯವರಿಗೆ ಇನ್ಫ್ಯೂಷನ್ ಮಾಡಿತು.

ಬಾನೆಟ್ಟು ಮಾಡುವ ಕ್ರಮ ಹೀಗೆ. ಮೂಲ ಬಾನೆಟ್ಟಿನ ಮೇಲೆ ಬೇಕಾದ ಉಬ್ಬು, ಕಿಂಡಿಗಳನ್ನು ಫೋಮು ಮತ್ತು ಪುಟ್ಟಿಯಲ್ಲಿ ತಿದ್ದಿ, ಉಜ್ಜಿ, ಬಣ್ಣ ಹೊಡೆದು ನುಣುಪಾಗಿಸುತ್ತಾರೆ. ಅದರ ಮೇಲೆ, ಅಚ್ಚು ಅಂಟಿಕೊಳ್ಳದಂತೆ, ಹಲವು ಸಲ ರಿಲೀಸ್ ವ್ಯಾಕ್ಸ್ ಸವರಿ, ಜೆಲ್‌ಕೋಟ್ ಬಳಿದು, ಫೈಬರ್‌ಗ್ಲಾಸಿನ ದಪ್ಪ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ 2×2 ಟ್ವಿಲ್ ನೇಯ್ಗೆಯ ಬಟ್ಟೆ ಹಾಸುತ್ತಾರೆ. ಅದರ ಒಂದೊಂದು ನೂಲಿನಲ್ಲೂ ಸಾಮಾನ್ಯವಾಗಿ 3,000 ಎಳೆಗಳಿರುತ್ತವೆ. ನೇಯ್ಗೆಯ ಗೆರೆ ಓರೆಯಾಗದಂತೆ ಅದನ್ನು ಹಾಸುವುದೇ ಅತ್ಯಂತ ತಾಳ್ಮೆ ಬೇಡುವ ಘಟ್ಟ. ಮೇಲೆ ಹಗುರವಾದ ತಿರುಳು, ಮತ್ತೊಂದು ಪದರ ಬಟ್ಟೆ, ಆಮೇಲೆ ಸುಲಿದು ತೆಗೆಯುವ ಪೀಲ್ ಪ್ಲೈ, ಜಾಲರಿ, ಚೀಲ. ಗಾಳಿ ಹೀರಿದ ಮೇಲೆ ಪಂಪು ನಿಲ್ಲಿಸಿ ಮೀಟರಿನ ಮುಳ್ಳು ಕದಲದೆ ನಿಂತಿದೆಯೇ ಎಂದು ನೋಡುತ್ತಾರೆ. ಸೂಜಿಮೊನೆಯಷ್ಟು ಸೋರಿಕೆಯಿದ್ದರೂ ರಾಳದ ಜೊತೆ ಗಾಳಿ ಬಂದು ಮೈಯೆಲ್ಲ ಚುಕ್ಕೆಯಾಗುತ್ತದೆ. ಕಲಸಿದ ಎಪಾಕ್ಸಿ ತಾನಾಗಿ ಬಿಸಿಯೇರುತ್ತದೆ. ಡಬ್ಬಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹೊಗೆಯಾಡಿ ಕಲ್ಲಾಗುತ್ತದೆ. ಕತ್ತರಿಸುವಾಗ ಏಳುವ ಕಾರ್ಬನ್ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು, ವಿದ್ಯುತ್ತನ್ನು ಹಾಯಿಸುವುದರಿಂದ ಯಂತ್ರಗಳಿಗೂ ಕೆಟ್ಟದ್ದು. ಅಲ್ಯೂಮಿನಿಯಂ ಕೊಂಡಿಗಳನ್ನು ನೇರವಾಗಿ ತಾಗಿಸಿದರೆ ತೇವದಲ್ಲಿ ಅಲ್ಯೂಮಿನಿಯಂ ಸವೆದುಹೋಗುತ್ತದೆ, ಹಾಗಾಗಿ ನಡುವೆ ಗಾಜಿನ ಬಟ್ಟೆಯ ಪದರವಿಡುತ್ತಾರೆ. ಮಾರುಕಟ್ಟೆಯ ಎಷ್ಟೋ ‘ಕಾರ್ಬನ್’ ಬಾನೆಟ್ಟುಗಳು ಫೈಬರ್‌ಗ್ಲಾಸಿನ ಮೇಲೆ ಹೊದಿಸಿದ ಒಂದೇ ಪದರ ಕಾರ್ಬನ್. ಶ್ರದ್ಧೆಯಿಂದ ಇನ್ಫ್ಯೂಷನ್ ಮಾಡಿದ ಮನೆಯ ಬಾನೆಟ್ಟು ತೂಕದಲ್ಲೂ ಬಿಗಿಯಲ್ಲೂ ಅವನ್ನು ಮೀರಿಸುತ್ತದೆ.

ಒಂದೇ ಕಾರಿನಲ್ಲಿ ಟರ್ಬೊ ಮತ್ತು ಕಾರ್ಬನ್ ಫೈಬರ್ ಸೇರಿದಾಗ ಅವೆರಡರ ವೈರ ಹೊರಬೀಳುತ್ತದೆ. ಪೆಟ್ರೋಲ್ ಎಂಜಿನ್ನಿನ ಹೊಗೆ 900 ಡಿಗ್ರಿ ಮುಟ್ಟುತ್ತದೆ. ಟರ್ಬೈನಿನ ಕವಚ ರಾತ್ರಿಯಲ್ಲಿ ಕೆಂಪಗೆ ಹೊಳೆಯುವುದುಂಟು. ಅದರಿಂದ ಬಾನೆಟ್ಟಿಗೆ ತಾಗುವ ಶಾಖ ಕಾರ್ಬನ್ ಎಳೆಗೆ ಲೆಕ್ಕಕ್ಕಿಲ್ಲ, ಆದರೆ ಎಳೆಗಳನ್ನು ಹಿಡಿದಿಟ್ಟ ಎಪಾಕ್ಸಿ ಸಾಮಾನ್ಯ ತಾಪದಲ್ಲಿ ಗಟ್ಟಿಯಾದದ್ದಾದರೆ 60ರಿಂದ 80 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ದಾರಿ, ಭಾಗವನ್ನು ಅಚ್ಚಿನಲ್ಲೇ ಇಟ್ಟು ಶಾಖ ತಡೆಯುವ ಹಲಗೆಗಳ ಗೂಡಿನಲ್ಲಿ ಹೀಟರಿನಿಂದ ಹಂತಹಂತವಾಗಿ ಕಾಯಿಸುವುದು. ಹೀಗೆ ಬೇಯಿಸಿದ ಸೂಕ್ತ ಎಪಾಕ್ಸಿ 100 ಡಿಗ್ರಿಯ ಆಚೆಗೂ ತಾಳುತ್ತದೆ. ಬಾನೆಟ್ಟಿನ ಅಡಿಗೆ ಅಲ್ಯೂಮಿನಿಯಂ ಹಾಳೆ, ಟರ್ಬೈನಿಗೆ ಶಾಖನಿರೋಧಕ ಹೊದಿಕೆ, ಹೊಗೆ ಕೊಳವೆಗೆ ಸುತ್ತುಪಟ್ಟಿ ಇದರ ಮುಂದುವರಿಕೆ. ಗಾಳಿ ಎಳೆಯುವ ತಣ್ಣನೆಯ ಕಡೆಯ ಕೊಳವೆಯನ್ನು ಕಾರ್ಬನ್ನಿನಲ್ಲಿ ಮಾಡಬಹುದು; ಕಂಪ್ರೆಸರಿನಿಂದ ಇಂಟರ್‌ಕೂಲರಿಗೆ ಹೋಗುವ ಬಿಸಿ ಕೊಳವೆಗೆ ಅಲ್ಯೂಮಿನಿಯಮ್ಮೇ ವಾಸಿ. ಬಾನೆಟ್ಟಿನ ಮೂಲ ಕೊಕ್ಕೆಯನ್ನು ತೆಳು ಕಾರ್ಬನ್ನಿಗೆ ಅಂಟಿಸಿ ನಂಬುವುದು ಅಪಾಯಕಾರಿ. ವೇಗದಲ್ಲಿ ಬಾನೆಟ್ಟು ಕಿತ್ತು ಗಾಜಿಗೆ ಬಡಿಯದಂತೆ ಹೊರಗಿನಿಂದ ಚುಚ್ಚುವ ಬಾನೆಟ್ ಪಿನ್ನುಗಳನ್ನು ಹಾಕುವುದು ರೂಢಿ.

ಇಂಥ ಕಾರು ರಸ್ತೆಗಿಳಿಯಬಹುದೇ ಎಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸಿದೆ, ಅದರಂತೆಯೇ ಹವ್ಯಾಸವೂ ರೂಪ ತಳೆದಿದೆ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಗೆ ಸಂಬಂಧಿಸಿದ ಯಾವ ಮಾರ್ಪಾಟಿನ ಕಿಟ್ಟಿಗೂ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಬೇಕು. ಜರ್ಮನಿಯಲ್ಲಿ ಮೊದಲೇ ಅನುಮೋದನೆ ಪಡೆಯದ ಭಾಗವನ್ನು ಹಾಕಿದರೆ ಟಿಯುವಿಯಂಥ ಸಂಸ್ಥೆಯ ತಪಾಸಣೆ ದಾಟಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದ್ದರಿಂದ ಇಲ್ಲಿ ಇಂಥ ಕೆಲಸಕ್ಕೆ ಸಲ್ಲುವ ಜಾಗ ರೇಸ್ ಟ್ರ್ಯಾಕು.

ಹಾಗಿದ್ದರೂ ಕಾರ್ಬನ್ ಫೈಬರಿನ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ತೇಜಸ್ ಯುದ್ಧವಿಮಾನದ ಒಡಲ ತೂಕದಲ್ಲಿ ಸುಮಾರು 45 ಪ್ರತಿಶತ ಕಾಂಪೊಸಿಟ್ ವಸ್ತು, ಅದರ ಬಹುಪಾಲು ಕಾರ್ಬನ್ ಫೈಬರ್. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಆ ಭಾಗಗಳ ವಿಧಾನಗಳನ್ನು ರೂಪಿಸಿತು, ಆಟೊಕ್ಲೇವ್‌ಗಳನ್ನೂ ಕಟ್ಟಿತು. ಸರಸ್ ವಿಮಾನದ ರೆಕ್ಕೆಗೆ ಅದು ಬಳಸಿದ್ದು ಆಟೊಕ್ಲೇವ್ ಬೇಡದ, ನಿರ್ವಾತದಿಂದ ರಾಳ ಸೆಳೆಸುವ ತನ್ನದೇ ಇನ್ಫ್ಯೂಷನ್ ವಿಧಾನವನ್ನು. ಕಾರಿನ ಕಡೆಗೆ ಬಂದರೆ, ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಪ್ರತಿ ವರ್ಷ ಒಂದು ಪುಟ್ಟ ರೇಸ್ ಕಾರನ್ನು ತಾವೇ ಕಟ್ಟಿ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಒಯ್ಯುತ್ತವೆ. ಪೆಟ್ರೋಲ್ ಎಂಜಿನ್ನುಗಳ ವಿಭಾಗದಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ಅಡ್ಡಳತೆಯ ಒಂದೇ ಕಂಡಿಯಿಂದ ಹಾಯಬೇಕೆಂಬ ನಿಯಮವಿದೆ. ಟರ್ಬೊಗೆ ಅವಕಾಶವಿದ್ದರೂ ಅದನ್ನು ಕಂಡಿಯ ನಂತರವೇ ಕೂರಿಸಬೇಕು. ಹೀಗಾಗಿ ಅದು ಗರಿಷ್ಠ ಶಕ್ತಿಯನ್ನು ಹೆಚ್ಚು ಏರಿಸದು, ನಡುವೇಗದಲ್ಲಿ ಎಳೆತವನ್ನು ಹೆಚ್ಚಿಸುತ್ತದೆ. ತಿರುವುಗಳೇ ತುಂಬಿದ ಆ ಸ್ಪರ್ಧೆಯ ಟ್ರ್ಯಾಕಿನಲ್ಲಿ ಬೇಕಾಗುವುದೂ ಅದೇ.